ಮುಂಬೈಗೆ ಹೇಳಿದ ಒಡಪು

ನಾಗನೂರ
ಮಂಗಳವಾರ, ೧೫ ಜುಲೈ ೨೦೨೫

ನನ್ನ ಪ್ರೀತಿಯ ಅತ್ತಿಯವರಿಗೆ,

ನಿಮ್ಮ ಸೊಸೆ ಮಾಯಾಳ ನಮಸ್ಕಾರಗಳು. ಹೇಗಿದ್ದೀರಿ? ಮೊಣಕಾಲು ಹೇಗಿದೆ? ಕಟ್ಟೆ ಇಳಿಯುವಾಗ ಹಿಡಿಯುತ್ತದೆ ಅನ್ನುತ್ತಿದ್ದಿರಲ್ಲ, ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ನಾನು ಇಲ್ಲ ಅಂತ ಬಾಟಲಿ ಗೋಡೆಯ ಮಾಡದಲ್ಲೇ ಕೂತಿದೆಯೋ? ಮಾವನ ಕೆಮ್ಮು ಕಡಿಮೆ ಆಯಿತೇ? ಮಳೆಯಲ್ಲಿ ಹೊಲಕ್ಕೆ ಹೋಗುವಾಗ ತಲೆಗೆ ಏನಾದರೂ ಹಾಕಿಕೊಳ್ಳಲು ಹೇಳಿ. ಮೊದಲು ಆರೋಗ್ಯ ಕೇಳಬೇಕು, ಸುದ್ದಿ ಆಮೇಲೆ ಅಂತ ಅವ್ವ ಬಾಜೂದಲ್ಲೇ ನಿಂತು ಕಣ್ಣು ದೊಡ್ಡದು ಮಾಡುತ್ತಿದ್ದಾಳೆ. ಅದಕ್ಕೇ ಇಷ್ಟು ತಾಳ್ಮೆಯಿಂದ ಕೇಳುತ್ತಿದ್ದೇನೆ, ಇಲ್ಲದಿದ್ದರೆ ಸುದ್ದಿಯನ್ನು ಲಕೋಟೆಯ ಮೇಲೇ ಬರೆದುಬಿಡುತ್ತಿದ್ದೆ!

ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ, ಕಾಗದ ಏಕೆ ಅಂತ ನಿಮಗೆ ಅನ್ನಿಸಬಹುದು. ಎಲ್ಲ ನಮ್ಮ ಆಯಿ ಮೊಮ್ಮಗಳ ಮೇಲೆ ಹಾಕಿದ ಕಾನೂನು. ಮೊದಲನೇ ಆಷಾಢದಲ್ಲಿ ಅತ್ತೆ ಸೊಸೆ ಮುಖ ನೋಡಬಾರದು ಅನ್ನುವುದು ನಿಮಗೂ ಗೊತ್ತಿದ್ದದ್ದೇ. ವಿಡಿಯೋ ಕಾಲ್ ಮಾಡಲೇ ಅಂತ ಕೇಳಿದೆ. "ಅದರಾಗ ಮುಖಾ ಕಾಣತೈತೇನ?" ಅಂದಳು. ಕಾಣುತ್ತದೆ ಅಂದೆ. "ಹಂಗಾದ್ರ ಬ್ಯಾಡ." ಬರೀ ಮಾತಾಡುವ ಫೋನು? "ಇವತ್ತ ದನಿ ಅಂತೀ, ನಾಳಿಗೆ ಮುಖಾ ಅಂತೀ. ನಿನ್ನ ನಾ ಕಂಡಿಲ್ಲೇನ?" ಕೊನೆಗೆ ಕಾಗದಕ್ಕೆ ಮುಖ ಇಲ್ಲ ಅಂತ ಒಪ್ಪಿದಳು. ಇದನ್ನು ತಂದು ಕೊಡುವವರು ನಿಮ್ಮ ಮಗನೇ. ಅವರೂ ಈ ತಿಂಗಳು ಇತ್ತ ಸುಳಿಯಬಾರದು. ಆದರೆ ಏನು ಮಾಡುವುದು, ಗೋಕಾಕದ ಜೂನಿಯರ್ ವಕೀಲರಿಗೆ ದಿನ ಬಿಟ್ಟು ದಿನ ನಾಗನೂರಿನಲ್ಲಿ ಕೋರ್ಟಿನ ಕೆಲಸ ಬೀಳುತ್ತಿದೆ! ನಾಗನೂರಿನಲ್ಲಿ ಕೋರ್ಟು ಎಲ್ಲಿದೆ ಅಂತ ಯಾರೂ ಕೇಳಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿರುತ್ತಾರೆ, ಆಯಿ ಆ ದಾರಿಯಲ್ಲಿ ಹೋದರೆ ಪೇಪರ್ ಅಡ್ಡ ಹಿಡಿಯುತ್ತಾರೆ. ಪೇಪರಿನ ಕೆಳಗೆ ಕಾಣುವ ಬೂಟು ಯಾರದು ಅಂತ ಆಯಿಗೆ ಚೆನ್ನಾಗಿ ಗೊತ್ತು.

ಈಗ ಹೇಳಲೇ? ಹೇಳುತ್ತೇನೆ. ಅತ್ತಿ, ಆಯಿತು! ನನ್ನ ಇಂಗ್ಲಿಷ್ ಪುಸ್ತಕಕ್ಕೆ ಏಜೆಂಟ್ ಸಿಕ್ಕರು! ಮುಂಬೈಯವರು, ಕೇತಕಿ ಘೋರ್ಪಡೆ ಅಂತ. ನಿನ್ನೆ ಫೋನಿನಲ್ಲಿ ತಾವೇ ಬಾಯಿಬಿಟ್ಟು "ನಿನ್ನ ಪುಸ್ತಕ ನಾನು ತೆಗೆದುಕೊಳ್ಳುತ್ತೇನೆ" ಅಂದರು. ಫೋನ್ ಇಟ್ಟ ಮೇಲೆ ನಾನು ಅಂಗಳದಲ್ಲಿ ಕುಣಿದ ಕುಣಿತಕ್ಕೆ ಕೋಳಿಗಳೆಲ್ಲ ಹಿತ್ತಲಿಗೆ ಓಡಿದವು. ಅವ್ವ ದೃಷ್ಟಿ ತೆಗೆದಳು, ಆಮೇಲೆ ಬೈದಳು, ಆಮೇಲೆ ಅತ್ತಳು.

ನಾನು ಆಷಾಢಕ್ಕೆ ಇಲ್ಲಿಗೆ ಹೊರಡುವ ಮುಂಚಿನ ಆ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀವು ಒಲೆಯ ಮುಂದೆ ಕೂತಿದ್ದಿರಿ, ಮಾವ ಹೊರಗೆ ಕಟ್ಟೆಯ ಮೇಲೆ ರೇಡಿಯೋ ಕೇಳುತ್ತಿದ್ದರು. ಏಜೆಂಟ್ ಬೇಕು ಅಂದಾಗ "ವಿಮಾದವನ ಏನ?" ಅಂದಿರಿ. ಅಲ್ಲ, ದೊಡ್ಡ ಪ್ರಕಾಶಕರ ಬಾಗಿಲನ್ನು ನಮ್ಮಂಥವರು ನೇರವಾಗಿ ಬಡಿದರೆ ತೆಗೆಯುವುದಿಲ್ಲ, ಏಜೆಂಟರು ಮೊದಲು ಓದಿ, ಇಷ್ಟವಾದರೆ ನಮ್ಮ ಪರವಾಗಿ ಪ್ರಕಾಶಕರ ಹತ್ತಿರ ಹೋಗಿ ಮಾತಾಡುತ್ತಾರೆ ಅಂತ ಹೇಳಿದೆ. ನೀವು ರೊಟ್ಟಿ ತಿರುವಿ ಹಾಕಿದಿರಿ. ಗೋಕಾಕದ ಇಂಗ್ಲಿಷ್ ಸಾಲೆಯಲ್ಲಿ ನನಗೆ ನೌಕರಿ ಕೊಡಿ ಅಂತ ಮಾವ ಆಗಲೇ ಆ ಸಾಲೆ ನಡೆಸುವ ಅಣ್ಣಾಸಾಹೇಬ ಕಾಕಾರ ಹತ್ತಿರ ಮಾತಾಡಿ ಬಂದಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಾಲೆ, ಸಾಲೆ ಬಿಟ್ಟರೆ ಟ್ಯೂಷನ್ನು, ಮನೆಗೆ ಬಂದರೆ ಪೇಪರ್ ತಿದ್ದುವುದು. ಅಲ್ಲಿಗೆ ನನ್ನ ಬರವಣಿಗೆ ಮುಗಿದ ಹಾಗೇ ಅಂತ ನಾನು ಹೇಳಲಿಲ್ಲ, ನೀವೇ ತಿಳಿದುಕೊಂಡಿರಿ. ದನಿ ಇಳಿಸಿ ಹೇಳಿದಿರಲ್ಲ: "ಆಷಾಢ ಪೂರಾ ನಿನ್ನ ಬುಕ್ಕಿನ ಕೆಲಸ ಮಾಡು. ಶ್ರಾವಣ ಹಿಡಿಯೂದರೊಳಗ ಒಬ್ಬರರ ಹೂಂ ಅಂದ್ರ ಬರಕೋತ ಇರು, ರೊಟ್ಟಿ ನಾ ಬಡೀತೇನಿ. ಯಾರೂ ಅನಲಿಲ್ಲಂದ್ರ ನಿಮ್ಮ ಮಾವ ಹೇಳಿದಂಗ ಸಾಲಿಗೆ ಹೋಗೂದು, ಆಮ್ಯಾಲ ಮಾರಿ ಸಣ್ಣದ ಮಾಡಬಾರದು." ಅವತ್ತು ನಿಮ್ಮನ್ನು ಅಪ್ಪಿಕೊಂಡು ನಿಮ್ಮ ಸೀರೆಗೆಲ್ಲ ಹಿಟ್ಟು ಮಾಡಿದೆ.

ಆದರೆ ಇಲ್ಲಿಗೆ ಬಂದ ಮೇಲೆ ನಾನು ಮಾಡಿದ ದಡ್ಡತನ ಕೇಳಿ. ಏಜೆಂಟರಿಗೆ ಮೊದಲು ಒಂದು ಪುಟದ ಕಾಗದ ಕಳಿಸಬೇಕು. ನಾನು ಏನು ಬರೆದೆ ಗೊತ್ತೇ? ನಾನು ನಾಗನೂರಿನ ಯಾರ ಮಗಳು, ಯಾರ ಮೊಮ್ಮಗಳು, ಘೋಡಗೇರಿಯ ಯಾರ ಮನೆಗೆ ಸೊಸೆಯಾಗಿ ಹೋಗಿದ್ದೇನೆ, ನಮ್ಮ ಆಯಿ ನನ್ನನ್ನು ಹೇಗೆ ಬೆಳೆಸಿದಳು, ಯಾವ ಕಾನ್ವೆಂಟಿನ ಯಾವ ಸಿಸ್ಟರ್ ನನ್ನ ಪ್ರಬಂಧ ಮೆಚ್ಚಿದರು, ಎಲ್ಲ ಹಿರಿಯರ ಆಶೀರ್ವಾದ, ಅದಾದ ಮೇಲೆ ಕೊನೆಯ ಸಾಲಿನಲ್ಲಿ ಒಂದು ಪುಸ್ತಕವನ್ನೂ ಬರೆದಿದ್ದೇನೆ ಅಂತ! ನನಗೆ ತಪ್ಪು ಅನ್ನಿಸಲೇ ಇಲ್ಲ. ನಮ್ಮಲ್ಲಿ ಹೊಸಬರ ಮನೆಗೆ ಹೋದರೆ ಯಾರ ಪೈಕಿ ಅಂತ ಹೇಳದೆ ಮಾತು ಎಲ್ಲಿ ಶುರುವಾಗುತ್ತದೆ? ದಿಲ್ಲಿ, ಮುಂಬೈ, ಬೆಂಗಳೂರು ಎಲ್ಲ ಕಡೆ ಕಳಿಸಿದೆ. ಉತ್ತರವೇ ಇಲ್ಲ. ಉತ್ತರ ಬರದಿದ್ದರೆ ಬೇಡ ಅಂತಲೇ ತಿಳಿಯಿರಿ ಅಂತ ಅವರ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು "ತಿಳಸ್ತೇವ್ರಿ" ಅಂತ ಎದ್ದು ಹೋಗುತ್ತಾರಲ್ಲ, ಅದೇ ಇದು. ಇವರು ಅವಲಕ್ಕಿಯನ್ನೂ ತಿನ್ನಲಿಲ್ಲ.

ಆಗ ನಿಮ್ಮ ಮಗ ಚಹಾದಂಗಡಿಯಲ್ಲಿ ಕೂತು ಅದನ್ನು ತಿದ್ದಿಕೊಟ್ಟರು. ಪಾಪ, ಪ್ರೀತಿಯಿಂದಲೇ ತಿದ್ದಿದರು. ಆದರೆ ಅರ್ಜಿದಾರಳು ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸುವುದೇನೆಂದರೆ ಅಂತ ಶುರುವಾಗಿ, ನ್ಯಾಯ ದೊರಕಿಸಿಕೊಡಬೇಕು ಅಂತ ಮುಗಿಯಿತು, ಅದೂ ಇಂಗ್ಲಿಷಿನಲ್ಲಿ. ನಾನು ಬುದ್ಧಿಗೇಡಿ, ಹಾಗೇ ಕಳಿಸಿದೆ! ಈ ಸಲ ದಿಲ್ಲಿಯಿಂದ ಒಬ್ಬರು ಉತ್ತರ ಬರೆದರು, ಒಂದೇ ಸಾಲು: "ಎಲ್ಲ ಸರಿ, ಪುಸ್ತಕ ಯಾರ ಕಥೆ?" ಓದಿ ನಗು ಬಂತು, ಆದರೆ ಆಷಾಢ ಜಾರುತ್ತಿತ್ತು ಅತ್ತಿ. ಸಾಲೆಯ ಗಂಟೆ ಕಿವಿಯಲ್ಲಿ ಹೊಡೆಯುತ್ತಿತ್ತು.

ಆಗ ನೆನಪಾಗಿದ್ದು ನಿಮ್ಮ ಮನೆಯ ಬಾಗಿಲು. ಮದುವೆಯಾಗಿ ಬಂದ ದಿನ ಹೆಂಗಸರೆಲ್ಲ ಅಡ್ಡ ನಿಂತು, ಗಂಡನ ಹೆಸರು ಒಡಪಿನಲ್ಲಿ ಇಟ್ಟು ಹೇಳುವವರೆಗೆ ಒಳಗೆ ಬಿಡುವುದಿಲ್ಲ ಅಂದರು. ಗಂಡನ ಹೆಸರು ಬರಿದೇ ಬಾಯಲ್ಲಿ ಬರಬಾರದು, ಎರಡು ಸಾಲಿನ ಪ್ರಾಸದಲ್ಲಿ ಕೂಡಿಸಿದರೆ ಮಾತ್ರ ನಡೆಯುತ್ತದೆ. ನನಗೆ ಬರುತ್ತಿದ್ದ ಪ್ರಾಸಗಳೆಲ್ಲ ಕಾನ್ವೆಂಟಿನವು. "ಇಂಗ್ಲಿಷ್ ಸೊಸಿ ತಂದಾರ, ಬಾಯಿಗೆ ಕೀಲಿ ಹಾಕ್ಯಾರ" ಅಂತ ಯಾರೋ ಕಾಡಿದರು. ನೀವು ಆರತಿ ತಟ್ಟೆಯ ಹಿಂದೆ ಬಗ್ಗಿ ನನ್ನ ಕಿವಿಯಲ್ಲಿ ಉಸುರಿದಿರಿ:

ಕರೀ ಕಂಬಳಿ ಮ್ಯಾಲ ಬಿದ್ದಾವ ಮಳಿಯ ಹನಿ,
ಸಿದ್ರಾಯರ ಹೆಸರ ಹೇಳೇನಿ, ದಾರಿ ಬಿಡ್ರಿ, ಇದು ನನ್ನ ಮನಿ.

ಎರಡೇ ಸಾಲು, ದಾರಿ ಬಿಟ್ಟರು! ಯಾರ ಮೊಮ್ಮಗಳು ಅಂತ ಯಾರು ಕೇಳಿದರು? ನಾನೂ ಎಲ್ಲ ಅಳಿಸಿ ಕಾಗದದ ತಲೆಯಲ್ಲೇ ಬರೆದೆ: ಘಟಪ್ರಭೆ ಏರುತ್ತಿರುವ ದಿನ ಒಬ್ಬ ಕುರಿಗಾರ ತನ್ನ ಹಿಂಡನ್ನು ತೂಗುಸೇತುವೆಯ ಮೇಲೆ ದಾಟಿಸಬೇಕು, ಸೇತುವೆ ತೂಗುತ್ತಿದೆ, ಕುರಿಗಳು ಕಾಲಿಡುತ್ತಿಲ್ಲ, ಹಿಂದಿನ ದಾರಿ ಆಗಲೇ ನೀರಿನಲ್ಲಿದೆ. ಅಷ್ಟೇ. ಕೇತಕಿ ಮೇಡಂ ಮೂರು ಅಧ್ಯಾಯ ಕೇಳಿದರು. ಆಮೇಲೆ ಪೂರ್ತಿ ಪುಸ್ತಕ ಕೇಳಿದರು. ಆಮೇಲೆ ಸುಮ್ಮನಾದರು. ಆ ಸುಮ್ಮನಿದ್ದ ದಿನಗಳಲ್ಲಿ ನಾನು ಮನೆಯವರಿಗೆಲ್ಲ ಎಷ್ಟು ಕಾಟ ಕೊಟ್ಟೆ ಅಂತ ಅವ್ವ ನಿಮಗೆ ಶ್ರಾವಣದಲ್ಲಿ ಖುದ್ದಾಗಿ ಹೇಳುತ್ತಾಳೆ.

ಇನ್ನು ನಿಮಗೆ ಗೊತ್ತಿಲ್ಲದ ಒಂದು ಸಂಗತಿ. ನನ್ನ ಕಥೆಯ ಕುರಿಗಾರನಿಗೂ ನಿಮ್ಮ ಮಗನಿಗೂ ಹೆಸರು ಒಂದೇ! ಕಾಲೇಜಿನಲ್ಲಿದ್ದಾಗ ಇಟ್ಟ ಹೆಸರು. ಆಗ ನಿಮ್ಮ ಮಗ ಕಪ್ಪೋ ಕೆಂಪೋ ನನಗೆ ಗೊತ್ತಿರಲಿಲ್ಲ. ನಮ್ಮವರಲ್ಲಿ ಆ ಹೆಸರಿಗೆ ಬರವೇ? ಅವರು ಮಾತ್ರ ನಂಬುವುದಿಲ್ಲ, "ಮೊದಲ ಕಣ್ಣ ಹಾಕಿದ್ದಿ ಬಿಡು" ಅಂತ ಮೀಸೆ ತಿರುವುತ್ತಾರೆ. ಟೈಪ್ ಮಾಡುವಾಗ ಅದು ತೊಡಕಾಗಲಿಲ್ಲ. ತೊಡಕಾಗಿದ್ದು ನಿನ್ನೆ.

ನಿನ್ನೆ ಮಧ್ಯಾಹ್ನ ಪಡಸಾಲೆಯಲ್ಲಿ ಆಯಿ, ಅವ್ವ, ಬಾಜೂ ಮನೆಯ ಕಾಶೆವ್ವ ಕೂತು ಜೋಳ ಹಸನು ಮಾಡುತ್ತಿದ್ದರು. ಮುಂಬೈ ನಂಬರು ಬಂತು. ಯಾರ ಫೋನು ಅಂತ ಆಯಿ ಬಿಡಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿಸಿದಳು. ಕೇತಕಿ ಮೇಡಂ ನಗುತ್ತಲೇ ಮಾತಾಡಿದರು. ಸೇತುವೆಯ ಅಧ್ಯಾಯ ಓದುವಾಗ ಇಳಿಯಬೇಕಾದ ಸ್ಟೇಷನ್ ತಪ್ಪಿಸಿಕೊಂಡರಂತೆ! ಅಷ್ಟರಲ್ಲಿ ಕೇಳಿದರು, ನಿಮ್ಮ ನಾಯಕನ ಹೆಸರನ್ನು ನಾನು ಸರಿಯಾಗಿ ಅನ್ನಬೇಕಲ್ಲ, ನೀವೊಮ್ಮೆ ಹೇಳಿ ಅಂತ.

ನಾನು ಬಾಯಿ ತೆರೆದೆ. ಮೊರ ನಿಂತಿತು. ಕಾಶೆವ್ವ ಕಣ್ಣು ಅರಳಿಸಿ ನನ್ನನ್ನೇ ನೋಡುತ್ತಿದ್ದಳು. ಆಯಿ ಬೆರಳು ಎತ್ತಿದ್ದಳು. ಅತ್ತಿ, ನನಗೆ ಬರಲಿಲ್ಲ! ಇಂಗ್ಲಿಷ್ ಮೀಡಿಯಂ ಎಲ್ಲ ಎಲ್ಲಿ ಹೋಯಿತೋ. "ಹಲೋ? ಮಾಯಾ? ಲೈನಿನಲ್ಲಿದ್ದೀರಾ?" ಅಂತ ಅವರು. ಇಷ್ಟು ದಿನ ಕಾದು, ಸ್ವಂತ ಕಥೆಯ ನಾಯಕನ ಹೆಸರು ಹೇಳಲು ಬರದವಳು ಪುಸ್ತಕ ತಾನೇ ಬರೆದಿದ್ದಾಳೆಂದು ಯಾರು ನಂಬುತ್ತಾರೆ? ಎಲ್ಲ ಕೈಬಿಟ್ಟು ಹೋಗುತ್ತಿದೆ ಅನ್ನಿಸಿತು. ಕೊನೆಗೆ ತೊದಲುತ್ತ, ಮೇಡಂ, ಅದು ನನ್ನ ಗಂಡನ ಹೆಸರೂ ಹೌದು, ಇಲ್ಲಿ ಹಿರಿಯರಿದ್ದಾರೆ ಅಂದೆ. ಅಷ್ಟರಲ್ಲಿ ಆಯಿ ಗದರಿದಳು: "ಬಾಯಿ ಮುಚಗೊಂಡ ಯಾಕ ಕುಂತೀ? ಒಡಪ ಇಟ್ಟ ಹೇಳ!" ನನಗೆ ಹೇಗೆ ಹೊಳೆಯಿತೋ ಕಾಣೆ, ಕಣ್ಣು ಮುಚ್ಚಿ ಒದರಿಬಿಟ್ಟೆ:

ಮುಂಬೈದ ಫೋನ ಬಂದೈತಿ, ನೆಟವರ್ಕ ಒಂದೀಟ ಸಿಗಲಿ,
ಸಿದ್ರಾಯರ ಕಥಿ ಬರದೇನಿ, ನಿಮ್ಮ ಕೈಯಾಗ ಇರಲಿ!

ಕಾಶೆವ್ವ ಮೊರ ಬಡಿದು "ಶಾಬಾಸ್!" ಅಂದಳು. ಜೋಳ ಪಡಸಾಲೆ ತುಂಬ. ಅತ್ತ ಕೇತಕಿ ಮೇಡಂ ಚೀರಿದರು: "ಉಖಾಣಾ!" ಅವರ ಮರಾಠಿಯಲ್ಲೂ ಇದೇ ಪದ್ಧತಿಯಂತೆ, ಅವರ ಅಜ್ಜಿ ಮಿರಜಿನವರಂತೆ. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ನನ್ನ ಕಥೆಯಲ್ಲಿ ಕುರಿಗಾರ ಸೇತುವೆಯ ನಡುವೆ ಸಿಕ್ಕಿಕೊಂಡಾಗ ದಂಡೆಯ ಮೇಲಿರುವ ಹೆಂಡತಿ ಅವನ ಹೆಸರು ಹಿಡಿದು ಕೂಗುವುದಿಲ್ಲ, "ಏನ್ರೀ, ಏನ್ರೀ" ಅಂತಲೇ ಒದರುತ್ತಾಳೆ. ಕೇತಕಿ ಮೇಡಂಗೆ ಅದೊಂದು ಜಾಗ ಸುಳ್ಳು ಅನ್ನಿಸಿತ್ತಂತೆ. ಜೀವ ಹೋಗುವ ಹೊತ್ತಿನಲ್ಲಿ ಯಾರಾದರೂ ಹೆಸರು ಕೂಗದೆ ಇರುತ್ತಾರೆಯೇ, ಇದನ್ನು ಬದಲಿಸಲು ಒಪ್ಪಿದರೆ ಮಾತ್ರ ಮುಂದಿನ ಮಾತು ಅಂತ ಅಂದುಕೊಂಡೇ ಫೋನ್ ಮಾಡಿದ್ದರಂತೆ. "ಈಗ ನಿನ್ನ ಬಾಯಿಂದಲೇ ಒಂದು ಹೆಸರು ಹೊರಡುವುದು ಎಷ್ಟು ಕಷ್ಟ ಅಂತ ಕೇಳಿದೆನಲ್ಲ. ಅವಳು ಹಾಗೇ ಒದರಲಿ, ಆ ಪುಟದಲ್ಲಿ ಒಂದಕ್ಷರ ಮುಟ್ಟಬೇಡ. ಪುಸ್ತಕ ನಾನು ತೆಗೆದುಕೊಳ್ಳುತ್ತೇನೆ" ಅಂದರು. ಸ್ವಲ್ಪ ತಿದ್ದುವ ಕೆಲಸ ಇದೆ, ಪ್ರಕಾಶಕರು ಸಿಗಲು ಸಮಯ ಬೇಕು, ಸಿಕ್ಕೇ ಸಿಗುತ್ತಾರೆ ಅಂತ ಮಾತು ಕೊಡುವುದಿಲ್ಲ, ಆದರೆ ಈ ಕಥೆ ಹಿಡಿದುಕೊಂಡು ಒಂದೊಂದು ಬಾಗಿಲಿಗೂ ನಾನೇ ಹೋಗುತ್ತೇನೆ ಅಂದರು. ನನಗೆ ಇನ್ನೇನು ಬೇಕು! ಆ ಹೆಂಡತಿಯ ಬಾಯಿಗೆ "ಏನ್ರೀ" ಅಂತ ಯಾಕೆ ಹಾಕಿದೆ ಅಂತ ಬರೆಯುವಾಗ ನಾನು ಯೋಚಿಸಿರಲೇ ಇಲ್ಲ ಅತ್ತಿ. ಅವ್ವ ಹಾಗೇ ಕರೆಯುತ್ತಾಳೆ, ನೀವು ಹಾಗೇ ಕರೆಯುತ್ತೀರಿ, ಅದಕ್ಕೆ ಅವಳೂ ಹಾಗೇ ಕರೆದಳು.

ಆಯಿ ಆಗಿನಿಂದ ಓಣಿಯ ತುಂಬ "ನನ್ನ ಮೊಮ್ಮಗಳ ಬುಕ್ಕ ಮುಂಬೈದವರು ಒಪ್ಪಿಕೊಂಡಾರ" ಅಂತ ಸಾರುತ್ತಿದ್ದಾಳೆ. ಒಪ್ಪಿಕೊಂಡಾರ ಅನ್ನುವುದಷ್ಟೇ ಕಿವಿಗೆ ಬಿದ್ದವರು "ವರ ಏನ ಮಾಡತಾನ?" ಅಂತ ಕೇಳುತ್ತಿದ್ದಾರೆ.

ಮನೆಯವರೆಲ್ಲರಿಗೂ ನನ್ನ ನೆನಪು ಹೇಳಿ. ಎಮ್ಮೆಗೂ ಹೇಳಿ. ಹಿರಿಯರ ಪಾದಕ್ಕೆ ಇಲ್ಲಿಂದಲೇ ಬಾಗುತ್ತೇನೆ. ನಿಮ್ಮ ಮುಖ ನೋಡದೆ ಈ ತಿಂಗಳು ಎಷ್ಟು ಉದ್ದ ಆಗಿದೆ ಅಂತ ಬರೆಯಲು ಕಾಗದ ಸಾಲದು.

ನಿಮ್ಮ ಮುದ್ದಿನ, ಬಾಯಿಬಡುಕಿ ಸೊಸೆ,
ಮಾಯಾ

ತಾ.ಕ.: ನಿಮ್ಮ ಮಗ ಬಸ್ ಸ್ಟ್ಯಾಂಡಿನಿಂದ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅತ್ತಿ, ಇದನ್ನು ಮಾವನ ಮುಂದೆ ಗಟ್ಟಿಯಾಗಿ ಓದಬೇಡಿ. ಇವತ್ತು ಬೆಳಿಗ್ಗೆ ಅಣ್ಣಾಸಾಹೇಬ ಕಾಕಾರಿಗೆ ಫೋನ್ ಮಾಡಿ ಸಾಲೆಗೆ ಬರುವುದಿಲ್ಲ ಅಂತ ಹೇಳಿಬಿಟ್ಟೆ. "ನಿಮ್ಮ ಮಾವಗ ಕೇಳೀಯೇನವಾ?" ಅಂದರು. "ಅತ್ತಿಗೆ ಕೇಳೇನ್ರಿ" ಅಂದೆ. ಅವರು ಗುರುವಾರ ಗೋಕಾಕ ಮಾರ್ಕೆಟ್ಟಿನಲ್ಲಿ ಮಾವನಿಗೆ ಸಿಗುತ್ತಾರೆ, ಅಷ್ಟರೊಳಗೆ ನೀವೇ ಹೇಳಬೇಕು. ನೀವು ನನಗೆ ಮಾತು ಕೊಟ್ಟದ್ದು ಮಾವನಿಗೆ ಗೊತ್ತೇ ಇಲ್ಲ ಅನ್ನುವುದು ಫೋನ್ ಇಟ್ಟ ಮೇಲೆ ಹೊಳೆಯಿತು! ಊಟಕ್ಕೆ ಮೊದಲು ಬೇಡ, ಉಂಡು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಹೇಳಿ, ಆಗ ಉಗುಳಿ ಬಂದು ಬೈಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಪುಸ್ತಕ ಇನ್ನೂ ಮಾರಾಟವಾಗಿಲ್ಲವಲ್ಲ, ಬರೀ ಹೂಂ ಅಂದದ್ದಕ್ಕೆ ನೌಕರಿ ಬಿಡುತ್ತಾರೇನು ಅಂತ ಖಂಡಿತ ಕೇಳುತ್ತಾರೆ. ಬಿಡುತ್ತಾರೆ ಅಂತ ಹೇಳಿ. ಅವರು ಎಷ್ಟೇ ಬೈಯಲಿ, ಬಂದ ಮೇಲೆ ಎದುರಿಗೆ ಕೂತು ಬೈಸಿಕೊಳ್ಳುತ್ತೇನೆ. ಹೇಳಿದ ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.