ಭಾವನ ಬೆಳಗಿನ ರೌಂಡ್ಸ್

ಜೂನ್ 6

ಹಾಲು ಉಕ್ಕಿತು. ಒಲೆ ಒರೆಸಿ, ಅಕ್ಕನಿಗೆ ಟೀ ಕೊಟ್ಟು, ಹಾಲ್ ಗುಡಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಭಾವನ ತಿಥಿ ಮುಗಿಸಿಕೊಂಡು ನೆಂಟರೆಲ್ಲ ಹೊರಟರು, ಸದ್ಯ. ಬಾಡಿಗೆ ಕುರ್ಚಿಗಳೂ ಹೋದವು. ಸೋಫಾ, ಟೀಪಾಯಿ, ಭಾವನ ಆರಾಮಕುರ್ಚಿ — ಎಲ್ಲ ಮೊದಲಿದ್ದಲ್ಲಿಗೇ ಎಳೆದಿಟ್ಟೆ. ಸುಮಾರಾಗಿ.

ಭಾವ ಇದ್ದಿದ್ದರೆ, "ಸುಮಾರಾಗಿ ಅಂದ್ರೆ ಏನ್ರೀ ಮೇಡಂ?" ಎಂದು ಹುಬ್ಬೇರಿಸುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ನಾನು ಮೇಡಂ. ನಾನು ಬಂದಾಗೆಲ್ಲ ಸಿಟ್ಟು ಬರುತ್ತಿತ್ತು. ಸ್ಟೂಲು ಸರಿಸಿದರೆ ಕೂಗಾಟ. ಚಪ್ಪಲಿ ಅಡ್ಡ ಬಿಟ್ಟರೆ ಕೂಗಾಟ. ಕರ್ನಲ್ ಆಗಿದ್ದ ಮನುಷ್ಯ. ಆಳಲು ಉಳಿದದ್ದು ಮೂರು ಕೋಣೆ, ಕಣ್ಣು ಕಾಣದ ಹೆಂಡತಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಾನೂ ಸುಮ್ಮನಿರುತ್ತಿದ್ದೆ.

ಈಗ ಮನೆ ತುಂಬ ಸದ್ದೇ ಇಲ್ಲ. ಇದೂ ಕಿವಿಗೆ ಹೊಡೆಯುತ್ತದೆ.

ಜೂನ್ 8, ಮಧ್ಯಾಹ್ನ

ಭಾವನ ಹಳೆಯ ಜೊತೆಗಾರ ಮೇಜರ್ ಫೋನ್ ಮಾಡಿದ್ದರು. ಅವರ ರೆಜಿಮೆಂಟಿನವರೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದಾರಂತೆ. "ಮನೆಯವರ ಕಡೆಯಿಂದ ನಾಲ್ಕು ಮಾತು ಬರ್ಕೊಡಮ್ಮ. ನಮಗೆ ಗೊತ್ತಿರೋದು ಬರೀ ಯೂನಿಫಾರ್ಮು."

ಕೂತೆ. "ಶಿಸ್ತಿನ ಸಿಪಾಯಿ, ಆದರ್ಶ ಪತಿ" ಎಂದು ಬರೆದೆ. ಓದಿದರೆ ಕಲ್ಲಿನ ಮೇಲೆ ಕೆತ್ತಿದ ಹಾಗಿದೆ. ಹರಿದು ಹಾಕಿದೆ.

ನನಗೆ ಗೊತ್ತಿರುವುದು ಇಷ್ಟು. ಅಕ್ಕನ ಕಣ್ಣು ಮಂಜಾಗತೊಡಗಿದ್ದು ಭಾವ ಬ್ರಿಗೇಡಿಯರ್ ಆಗುವ ಮಾತು ನಡೆದಿದ್ದಾಗ. ಪೋಸ್ಟಿಂಗ್ ದೂರದ ಗಡಿಗೆ. ಭಾವ ರಾಜೀನಾಮೆ ಕೊಟ್ಟು, ಟ್ರಂಕು ಹೊತ್ತು ಮನೆಗೆ ಬಂದರು. ಹುಚ್ಚೇನ್ರೀ ನಿಮಗೆ ಎಂದು ಎಲ್ಲರೂ ಕೇಳಿದರು, ನಾನೂ ಕೇಳಿದೆ. "ಅಲ್ಲಿಗೆ ನನ್ನ ಬದಲು ಇನ್ನೊಬ್ಬ ಸಿಕ್ತಾನೆ" ಎಂದರು. ಅಷ್ಟೇ. ಆಮೇಲೆ ಆ ಮಾತೇ ಎತ್ತಲಿಲ್ಲ.

ಇದನ್ನು ಬರೆಯಬೇಕು. ಇವತ್ತು ಆಗುವುದಿಲ್ಲ.

ಜೂನ್ 9

ಅಕ್ಕ ಬಿದ್ದಳು.

ತಪ್ಪು ನನ್ನದೇ. ಬಚ್ಚಲುಮನೆ ಒಣಗಲಿ, ಗಾಳಿಯಾಡಲಿ ಎಂದು ಬಾಗಿಲು ಅರ್ಧ ತೆಗೆದಿಟ್ಟಿದ್ದೆ. ಅಕ್ಕ ಕೈ ಮುಂದೆ ಮಾಡಿಕೊಂಡೇ ಬಂದಳು. ಎರಡು ಕೈಗಳ ನಡುವೆ ಬಾಗಿಲಿನ ಅಂಚು. ನೇರ ಹಣೆಗೇ. ಹಿಂದಕ್ಕೆ ಸರಿದರೆ ಟೀಪಾಯಿ — ಅದೂ ಒಂದು ಗೇಣು ಈಚೆಗಿತ್ತು.

ರಕ್ತ. ಆಟೋ. ಹೊಲಿಗೆ. ಡಾಕ್ಟರ್ ಇನ್ನೂ ಚಿಕ್ಕವಳು, "ಮನೆಯಲ್ಲಿ ಯಾರೂ ನೋಡ್ಕೊಳ್ಳೋರಿಲ್ವಾ?" ಎಂದು ನನ್ನ ಮುಂದೆಯೇ ಕೇಳಿದಳು. ನಾನೂ ಆಸ್ಪತ್ರೆ ಲ್ಯಾಬಿನಲ್ಲಿ ತಲೆ ನರೆಯುವವರೆಗೆ ದುಡಿದವಳು. ಔಷಧಿ ಚೀಟಿ ತೆಗೆದುಕೊಂಡು ಹೊರಗೆ ಬಂದೆ.

"ಬಾಗಿಲು ಒಂದೋ ಪೂರ್ತಿ ತೆಗೀಬೇಕು, ಇಲ್ಲಾ ಪೂರ್ತಿ ಹಾಕ್ಬೇಕು! ಅರ್ಧಂಬರ್ಧ ನನ್ನ ಮನೇಲಿ ನಡಿಯಲ್ಲ!" — ಭಾವ ಎಷ್ಟು ಸಲ ಕಿರುಚಿಲ್ಲ. ಮಿಲಿಟರಿ ಕಾಯಿಲೆ ಎಂದು ನಗುತ್ತಿದ್ದೆನಲ್ಲ.

ಜೂನ್ 17

ಹೊಲಿಗೆ ಬಿಚ್ಚಿಸಿ ಬಂದೆವು. ಗಾಯ ಮಾಗಿದೆ. ಅಕ್ಕ ಮಾತ್ರ ಏಳುತ್ತಿಲ್ಲ.

ಮಂಚ, ಕುರ್ಚಿ, ಮಂಚ. ಬಚ್ಚಲಿಗೆ ಹೋಗಬೇಕೆಂದರೆ, "ಪುಟ್ಟೀ, ಕೈ ಕೊಡೇ." ಟೀ ತಾನೇ ಮಾಡುತ್ತಿದ್ದವಳು, ಬೆರಳಲ್ಲೇ ಅಳೆದು ಭಾವನ ಶರ್ಟು ಇಸ್ತ್ರಿ ಮಾಡುತ್ತಿದ್ದವಳು, ಈಗ ಒಂದು ಹೆಜ್ಜೆ ಇಡಬೇಕಾದರೂ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿಯುತ್ತಾಳೆ. ನನ್ನ ಮಂಡಿಯೂ ಕೂಗಾಡುತ್ತದೆ. ಇಬ್ಬರೂ ಸೇರಿದರೆ ಒಂದು ಗಟ್ಟಿ ಮುದುಕಿ ಆಗುವುದಿಲ್ಲ.

ಸಂಜೆ ಹೇಳಿಯೇಬಿಟ್ಟೆ. "ಈ ಮನೆ ಬಾಡಿಗೆಗೆ ಕೊಟ್ಬಿಡೋಣ ಕಣೇ ಅಕ್ಕ. ನನ್ನ ಫ್ಲಾಟಿಗೆ ಬಂದ್ಬಿಡು. ಚಿಕ್ಕದು, ನನಗೂ ಅನುಕೂಲ."

ಜಗಳಕ್ಕೆ ತಯಾರಾಗಿದ್ದೆ. ಅಕ್ಕ, "ಹೂಂ. ನಿಂಗೆ ಹೇಗೆ ಸರಿಯೋ ಹಾಗೆ ಮಾಡು" ಎಂದಳು.

ಹುಣಸೆಹಣ್ಣಿನ ಚೌಕಾಸಿಯಲ್ಲೂ ಸೋಲದ ಅಕ್ಕ. ಆ "ಹೂಂ"ಗಿಂತ ಜಗಳವೇ ಮೇಲಿತ್ತು. ಆದರೂ ಮನೆ ಏಜೆಂಟನಿಗೆ ಫೋನ್ ಮಾಡಿದೆ. ಇಪ್ಪತ್ತನೇ ತಾರೀಕಿಗೆ ಬಂದು ನೋಡುತ್ತಾನಂತೆ. ಸಾಕಾಗಿದೆ ನನಗೂ.

ಜೂನ್ 19

ಬಟ್ಟೆ ಒಣಹಾಕುವಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಹತ್ತಿರ ಬಂದರು. ಮೊದಲು ಅಯ್ಯೋ ಪಾಪ. ಆಮೇಲೆ ಸ್ವಲ್ಪ ಹಿಂದೆಮುಂದೆ ನೋಡಿ —

"ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ನಿಮ್ಮ ಭಾವ ಬೆಳಬೆಳಿಗ್ಗೆ ಕಣ್ಣಿಗೆ ಟವೆಲ್ ಕಟ್ಕೊಂಡು ಮನೆಯೆಲ್ಲಾ ಓಡಾಡ್ತಿದ್ರಲ್ಲ, ಅದೇನು ವ್ಯಾಯಾಮಾನಾ? ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣೋದು. ದಿನಾ. ಕಣ್ಣಾಮುಚ್ಚಾಲೆ ಕರ್ನಲ್ ಅಂತ ನಮ್ಮನೇಲಿ ತಮಾಷೆ ಮಾಡ್ತಿದ್ವಿ…"

ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು.

ಒಳಗೆ ಬಂದು ಅಕ್ಕನನ್ನು ಕೇಳಿದೆ.

"ನಾನು ಏಳೋಕೆ ಮುಂಚೆ ಒಂದು ರೌಂಡ್ ಹಾಕೋರು. ದಾರೀಲಿ ಏನಾದ್ರೂ ಇದ್ರೆ ಮೊದಲು ಅವರಿಗೇ ತಾಗ್ಲಿ ಅಂತ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರು."

"ನಿಂಗೆ ಹೇಗೆ ಗೊತ್ತಾಯ್ತು?"

"ಮಂಡಿ ಹೊಡ್ಕೊಂಡ್ರೆ ಬೈಯೋರು ಕಣೇ, ಮಿಲಿಟರಿ ಬೈಗುಳ! ನಾನು ಮುಸುಕು ಎಳ್ಕೊಂಡು ನಿದ್ದೆ ಬಂದೋಳ ಹಾಗೆ ಬಿದ್ದಿರ್ತಿದ್ದೆ. ನಗು ತಡ್ಕೊಳ್ಳೋದೇ ಕಷ್ಟ ಆಗೋದು." ಅರೆಗಳಿಗೆ ಮುಖ ಅರಳಿತು. ಆಮೇಲೆ, "ಅವರು ಒಂದ್ಸಲ ನಡೆದ ನೆಲ ಅಂದ್ರೆ ನಂಗೆ ಭಯ ಇರ್ಲಿಲ್ಲ. ಈಗ ಯಾರು ನಡೀತಾರೆ?" ಎಂದು ಅತ್ತಳು. ಭಾವ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ನಾನೂ ಅತ್ತೆ.

ನನ್ನ ಫ್ಲಾಟಿನಲ್ಲಾದರೂ ಯಾರು ನಡೆಯುತ್ತಾರೆ?

ಜೂನ್ 20, ಬೆಳಿಗ್ಗೆ

ಅಕ್ಕ ಏಳುವ ಮೊದಲೇ ಎದ್ದೆ. ನನ್ನ ದುಪಟ್ಟಾ ಕಣ್ಣಿಗೆ ಬಿಗಿದುಕೊಂಡೆ. ಕೋಣೆಯ ಬಾಗಿಲು ದಾಟಿದೆ, ಅಷ್ಟೇ — ಕಾಲ ಕೆಳಗೆ ನೆಲವೇ ಇಲ್ಲದ ಹಾಗೆ. ಹೊಸಿಲು ತಾಗಿತು. ಸೋಫಾದ ಕಾಲು ಕಿರುಬೆರಳಿಗೆ ಬಡಿಯಿತು. ಹಿಂದಕ್ಕೆ ತಳ್ಳಿದೆ. ಟೀಪಾಯಿ ಮಂಡಿಗೆ ತಾಗಿತು. ಬಾಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅಕ್ಕನ ಕೋಣೆಯಿಂದ ನಗು. ಮುಸುಕಿನೊಳಗಿನದಲ್ಲ, ಗಟ್ಟಿಯಾದ ನಗು.

"ಟೀಪಾಯಿ ಗೋಡೆಗೆ ಸೇರ್ಸೇ! ಅವರು ಅಲ್ಲೇ ಇಟ್ಟಿದ್ರು."

"ಗೋಡೆ ಎಲ್ಲಿದೆ ಅಂತ ನಂಗೇನು ಗೊತ್ತು?" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮಂಚ ಕಿರ್ ಎಂದಿತು. ಹೆಜ್ಜೆ ಸದ್ದು. ನಿಂತು, ಮತ್ತೆ ಬಂತು. ಬಿದ್ದುಬಿಟ್ಟಾಳೆಂದು ದುಪಟ್ಟಾದ ಗಂಟಿಗೆ ಕೈ ಹಾಕಿದೆ, ಅಷ್ಟರಲ್ಲಿ ಅವಳ ಕೈ ನನ್ನ ಮೊಣಕೈಗೆ ಬಂತು. "ಬಿಚ್ಬೇಡ. ಬಾ, ತೋರಿಸ್ತೀನಿ."

ಅವಳೇ ನಡೆಸಿದಳು. ಸೋಫಾ ಇಲ್ಲಿ, ಹೊಸಿಲು ಇಲ್ಲಿ, ಲೈಟರ್ ಒಲೆಯ ಬಲಕ್ಕೆ. ಬಚ್ಚಲಿನ ಬಾಗಿಲನ್ನು ತಾನೇ ತಳ್ಳಿ ಗೋಡೆಗೆ ಆನಿಸಿದಳು.

ಏಜೆಂಟನಿಗೆ ಬರಬೇಡವೆಂದು ಹೇಳಿದೆ. ಬಾಡಿಗೆಗೆ ಹೋಗಬೇಕಾದ್ದು ನನ್ನ ಫ್ಲಾಟೇ.

ಅಕ್ಕ ಒಬ್ಬಳೇ ಟೀ ಇಡುತ್ತಿದ್ದಾಳೆ. ಎದ್ದು ನೋಡೋಣವೆಂದರೆ ಮಂಡಿ ಊದಿದೆ. ಸುಸ್ತು… ಎಲುಬಿನೊಳಗಿನ ಸುಸ್ತು. ನಾಳೆಯೂ ಅವಳಿಗಿಂತ ಮೊದಲು ಏಳಬೇಕು. ನಾಡಿದ್ದೂ. ಮಳೆಯಿರಲಿ, ಜ್ವರವಿರಲಿ. ಒಂದೇ ದಿನಕ್ಕೆ ನನಗೆ ಹೀಗಾಗಿದೆ. ಇದನ್ನು ಭಾವ ಅಷ್ಟು ವರ್ಷ, ಯಾರಿಗೂ ಒಂದು ಮಾತೂ ಹೇಳದೆ, ದಿನಾ ಬೆಳಿಗ್ಗೆ ಹೇಗೆ ಮಾಡಿದರೋ.