ಹೆಡೆಗಲ್ಲು ಕೆತ್ತುವವರಿಗೆ

ಬಾವಿ ಮುಚ್ಚಿದ ಎರಡನೆಯ ವರ್ಷ, ಕಾರಹುಣ್ಣಿಮೆಯ ಮಾರನೆಯ ದಿನ. ನಿಮ್ಮ ಲೆಕ್ಕಕ್ಕೆ ಇಸವಿ ಮೂರು ಸಾವಿರದ ನಾನೂರ ಹನ್ನೆರಡು.

ಅಣುಕಸವನ್ನು ನೆಲದಡಿ ಹೂತು ಬಾಯಿ ಮುಚ್ಚಲು ಹೊರಟಿರುವ ಹಿರಿಯರಿಗೆ ಕರೇಗುಡ್ಡದ ಗಾಳೆವ್ವ ಬರೆಯುವುದು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಬರಹಗಳಿಂದ ಕಲಿತವಳು ನಾನು. ಮಾತು ಒರಟೆನಿಸಿದರೆ ಕ್ಷಮಿಸಿ. ಕ್ಷಮಿಸದಿದ್ದರೂ ನನಗೇನೂ ನಷ್ಟವಿಲ್ಲ.

ನೀವು ವಿಕಿರಣ ಎನ್ನುವುದನ್ನು ನಾವು ಕಾಣದುರಿ ಎನ್ನುತ್ತೇವೆ. ಉರಿಯುವುದು ಕಾಣುವುದಿಲ್ಲ, ಸುಟ್ಟದ್ದು ಮಾತ್ರ ಕಾಣುತ್ತದೆ. ಅದನ್ನು ಗುಡ್ಡದ ಹೊಟ್ಟೆಯಲ್ಲಿಟ್ಟು, ಸುರಂಗಕ್ಕೆ ಜೇಡಿಮಣ್ಣು, ಕಾಂಕ್ರೀಟು ತುಂಬಿ, ಮುಂದಿನವರು ಹೆದರಿ ಓಡಲಿ ಎಂದು ಮೇಲೊಂದು ಕಲ್ಲು ನೆಟ್ಟಿರಿ. ಕಲ್ಲಿನ ಮೇಲೆ ಕೆತ್ತಿದ್ದೇನು? ಹೆಡೆ ಎತ್ತಿದ ಹಾವು, ಕೋರೆಹಲ್ಲಿನ ಮುಖ! ಅಯ್ಯೋ, ನಿಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ! ಹೆಡೆಗಲ್ಲು ಕಂಡರೆ ಈ ನೆಲದವರು ಓಡುತ್ತಾರೆಯೇ? ಅರಿಸಿನ ಹಚ್ಚಿ, ಹಾಲೆರೆದು ಕೈ ಮುಗಿಯುತ್ತಾರೆ. ನೀವೂ ಇಲ್ಲಿಯವರೇ ತಾನೆ? ನಿಮ್ಮ ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆ ಕಲ್ಲು ನಮಗೆ ಉರಿಯಮ್ಮನಾದಳು. ಮುಸ್ಸಂಜೆಗೆ ದೀಪ ಅವಳಿಗೆ, ಹೆಂಚಿನಿಂದಿಳಿದ ಮೊದಲ ರೊಟ್ಟಿ ಅವಳಿಗೆ. ತಲೆಮಾರುಗಳ ಎಣ್ಣೆ, ಅರಿಸಿನ ಹೆಬ್ಬೆರಳು ದಪ್ಪ ಕೂತು, ನೀವು ಅಡಿಯಲ್ಲಿ ಕೆತ್ತಿದ ಅಕ್ಷರ ಮುಚ್ಚಿಹೋಯಿತು. ಅಮ್ಮನ ಅಭಿಷೇಕಕ್ಕೆ ನೀರು ಬೇಕಲ್ಲ, ಪಕ್ಕದಲ್ಲೇ ಬಾವಿ ತೋಡಿದರು. ತೋಡಿದ್ದು ನಿಮ್ಮ ಸುರಂಗದ ನೆತ್ತಿಯ ಮೇಲೆ. ನೀರು ಕುಡಿದವರಿಗೆ ಗಂಟಲಲ್ಲಿ ಗಡ್ಡೆ ಎದ್ದಿತು, ಮೂಳೆ ನೋಯತೊಡಗಿತು. ಅಮ್ಮ ಮುನಿದಿದ್ದಾಳೆ ಎಂದರು ಊರವರು. ಮುನಿದವಳನ್ನು ಒಲಿಸಲು ಇನ್ನಷ್ಟು ಅಭಿಷೇಕ, ಇನ್ನಷ್ಟು ತೀರ್ಥ.

ನನ್ನ ಮಗಳು ಹೊಳೆವ್ವನಿಗೂ ಮೂಳೆನೋವು ಬಂತು. ಆ ತೀರ್ಥವನ್ನು ಅವಳಿಗೆ ನನ್ನ ಕೈಯಿಂದಲೇ ಕುಡಿಸಿದವರು ನೀವು. ಅವಳು ಹೋದ ಮೇಲೆ ಸಿಟ್ಟಿಗೆ ಕುಡುಗೋಲು ಹಿಡಿದು ಹೋಗಿ ಅಮ್ಮನ ಮೈಮೇಲಿನ ಅರಿಸಿನವನ್ನೆಲ್ಲ ಕೆರೆದೆ. ಅಡಿಯಲ್ಲಿ ನಿಮ್ಮ ಅಕ್ಷರ ಸಿಕ್ಕಿತು: ಇಲ್ಲಿ ಅಗೆಯಬೇಡಿ, ನೀರು ಕುಡಿಯಬೇಡಿ. ಊರವರಿಗೆ ಓದಿ ಹೇಳಿದೆ, ಬಾವಿಗೆ ಮಣ್ಣು ತುಂಬಿಸಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವರು ನೀವು, ಉಂಡವರು ನಾವು.

ಈ ಓಲೆ ನಿಮ್ಮ ಕೈ ಸೇರುವಾಗ ಕಲ್ಲು ಇನ್ನೂ ಬೋಳಾಗಿರಬೇಕು. ಸುರಂಗ ಭದ್ರವಾಗಿ ಮುಚ್ಚಿ, ಬೇಡವೆನ್ನುವುದಿಲ್ಲ. ಮೇಲೆ ಮಾತ್ರ ದೇವರಂತೆ ಕಾಣುವ ಯಾವುದನ್ನೂ ನಿಲ್ಲಿಸಬೇಡಿ. ಗುಡ್ಡದ ಸುತ್ತಲ ಮನೆಗಳಿಗೆ ಹೋಗಿ, ಒಳಗಿಟ್ಟದ್ದೇನೆಂದು ನಾಚಿಕೆ ಬಿಟ್ಟು ಹೇಳಿ. ಅವರು ಮಕ್ಕಳಿಗೆ ಉಣಿಸುವಾಗ, ಮಲಗಿಸುವಾಗ ಹೇಳಿಕೊಂಡು ಬರಲಿ. ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದದ್ದು ಉಳಿಯುತ್ತದೆ.

ನಿಮ್ಮ ಕಾಲದಲ್ಲಿ ನನ್ನ ಹೊಳೆವ್ವ ಇನ್ನೂ ಹುಟ್ಟಿಲ್ಲ. ಉಳಿ ಕೆಳಗಿಡಿ.