ಅವ್ವನ ಹಣೆ ಹಚ್ಚೆ

ಕೊಂಡ್ಲಹಳ್ಳಿ, ಮಂಗಳವಾರ

ಹೊಸ ಪಾಸ್ಟರ್ ಅಯ್ಯನೋರಿಗೆ ಗಾದ್ರಪ್ಪನ ವಂದನೆ.

ಮೊನ್ನೆ ಭಾನುವಾರ ನಮ್ಮವ್ವ ಮುದ್ದಕ್ಕನಿಗೆ ನೀವು ಕರ್ತನ ಭೋಜನದ ರೊಟ್ಟಿ ಕೊಡ್ಲಿಲ್ಲ. "ಹಣೆ ಬೊಟ್ಟು ಅಳಿಸ್ಕೊಂಡು ಬಾರಮ್ಮ, ಸಭೆ ನೇಮ" ಅಂದ್ರಿ. ಅದು ಬೊಟ್ಟಲ್ರೀ, ಏಳು ವರ್ಷದವಳಿದ್ದಾಗ ಹುಯ್ಸಿದ ಹಚ್ಚೆ! ಉಜ್ಜಿದ್ರೆ ಹೋಗಂಗಿದ್ರೆ ನಾನು ಈ ಕರೀ ಮೂತಿ ಉಜ್ಕೊಂಡು ಯಾವಾಗ್ಲೋ ಸಿನಿಮಾ ಸೇರ್ತಿದ್ದೆ.

ಅವ್ವ ನಿಮ್ಮ ಮಾತು ನಂಬಿ, ಇಟ್ಟಿಗೆ ಚೂರಲ್ಲಿ ತಿಕ್ಕಿ ತಿಕ್ಕಿ ರಕ್ತ ಬರಿಸ್ಕೊಂಡ್ಲು. ಅದ್ರ ಹಿಂದಿನ ವಾರ ತಾನೇ ನೀವು, "ದೇವರ ಕೃಪೆ ಪುಕ್ಕಟೆ ಸಿಗುತ್ತೆ, ನೇಮ ಪಾಲಿಸಿ ಯಾರೂ ರಕ್ಷಣೆ ಪಡೆಯಲ್ಲ" ಅಂತ ಮೈಕಲ್ಲಿ ಕೂಗಿದ್ದು? ನಾವು ನಂಬಿದ್ವಿ. ನೀವೇ ನಂಬಲಿಲ್ವಲ್ರೀ!

ಗಾಯ ಐತೆ, ಅವ್ವ ಬರಲ್ಲ. ಈ ಭಾನುವಾರ ರೊಟ್ಟಿ ತಗೊಂಡು ನೀವೇ ಮನೆಗೆ ಬರ್ರಿ. ಬಂದ್ರೆ ಅವ್ವ ನಿಮಗೆ ಕೋಳಿ ಸಾರು ಮಾಡ್ತಾಳಂತೆ. ನನ್ನ ಕೈಲಿದ್ದಿದ್ರೆ ನೀರೂ ಕೊಡ್ತಿರ್ಲಿಲ್ಲ.

ಕೊನೇ ಸಾಲಲ್ಲಿ ಕೂರೋ,
ಗಾದ್ರಪ್ಪ